ಕೊನೆಯ ಪಂಕ್ತಿಯ ಐವರು

(ಮೈಸೂರಿನಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕ ಕೊಂಡಿದ್ದೀರಿ? ಕೈ ಎತ್ತಿದವರೆಲ್ಲ ನಲವತ್ತು ದಾಟಿದವರೇ ಎಂಬುದು ಇಲ್ಲಿಂದಲೇ ಕಾಣುತ್ತಿದೆ. ಉಳಿದವರು ಅದನ್ನು ನೋಡಿರುವುದು ಬೇಲಿಯಾಚೆಯಿಂದ. 1892ರ ಕಟ್ಟಡ ಅದು. 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು, ಅಂಗಡಿಗಳು ಮುಚ್ಚಿದವು. ಅದಕ್ಕೂ ಮೊದಲು ಅಲ್ಲಿ ಹಳೆಯ ಪಠ್ಯಪುಸ್ತಕಗಳ ಸಾಲು ಅಂಗಡಿಗಳಿದ್ದವು. ಜೂನ್ ತಿಂಗಳಲ್ಲಿ ಅರ್ಧ ಬೆಲೆಗೆ ಪುಸ್ತಕ ಕೊಳ್ಳಲು ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದುಕೊಂಡು ಬರುತ್ತಿದ್ದರು. ನನ್ನ ಅಪ್ಪನೂ ಬಂದಿದ್ದರು. 1986ನೆಯ ಇಸವಿ, ನಾನು ಏಳನೆಯ ತರಗತಿ.

ಅಪ್ಪ ಗಣಿತದ ಪುಸ್ತಕಕ್ಕೆ ಚೌಕಾಸಿ ಮಾಡುತ್ತಿದ್ದಾಗ ನಾನು ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಿದ್ದೆ. ಇಂದ್ರಜಾಲ ಕಾಮಿಕ್ಸ್ ಸಿಗಬಹುದು ಎಂಬ ಆಸೆ. ಆಗ ನಮ್ಮ ಓಣಿಯಲ್ಲಿ ಅದರ ಮುಸುಕಿನ ವೀರ ಫ್ಯಾಂಟಮ್‌ನನ್ನು ಕಂಡವನೇ ದೊಡ್ಡವನು. ಸಿಕ್ಕಿದ್ದು ಬೇರೆಯೇ. ಮುಖಪುಟ ಇರಲಿಲ್ಲ. ಹಿಂದಿನ ಕೆಲವು ಹಾಳೆಗಳೂ ಇರಲಿಲ್ಲ. ಕಾಗದ ಕಡಲೆಕಾಯಿ ಪೊಟ್ಟಣದ ಬಣ್ಣಕ್ಕೆ ತಿರುಗಿತ್ತು. ಚಾಮುಂಡಿ ಬೆಟ್ಟ ನೋಡಲು ಬಂದ ಯಾವನೋ ವಿದೇಶಿ ಪ್ರವಾಸಿಯ ಚೀಲದಿಂದ ಇಳಿದು ಬಂದಿರಬೇಕು. ಒಳಗೆ ಜೇನುನೊಣಗಳಿಂದಲೇ ಮಾಡಿದ ಒಬ್ಬ ಮನುಷ್ಯನಿದ್ದ. ಅವನ ಎದುರಿಗೆ ರೆಕ್ಕೆ ಇರುವವನೊಬ್ಬ, ಮಂಜುಗಡ್ಡೆಯವನೊಬ್ಬ, ತಲೆಬುರುಡೆಗೆ ಬೆಂಕಿ ಹತ್ತಿದ ಮೋಟಾರ್ ಸೈಕಲ್ ಸವಾರನೊಬ್ಬ. ಮೊದಲ ಪುಟದ ಮೇಲೆ ಹೆಸರು: ದಿ ಚಾಂಪಿಯನ್ಸ್. ಎರಡು ರೂಪಾಯಿ ಎಂದರು. ಅಪ್ಪ ಒಂದಕ್ಕೆ ಇಳಿಸಿದರು. ಅಪ್ಪನ ಚೌಕಾಸಿಗೆ ಗಣಿತ ಬಗ್ಗದಿದ್ದರೂ ಅಮೆರಿಕ ಬಗ್ಗಿತು.

ಇವತ್ತು ನನಗೆ ಕೊಟ್ಟ ವಿಷಯ ‘ಕಾಮಿಕ್ಸ್ ಓದುಗರ ಲೋಕ’. ಅಷ್ಟು ದೊಡ್ಡದನ್ನು ಎತ್ತುವ ಶಕ್ತಿ ನನಗಿಲ್ಲ. ನಾನು ಚಾಂಪಿಯನ್ಸ್ ಎಂಬ ಈ ಒಂದು ಅತಿಮಾನುಷ ವೀರರ ತಂಡದ ಬಗ್ಗೆ ಮಾತ್ರ ಮಾತನಾಡುತ್ತೇನೆ. ಅದು ಬದುಕಿದ್ದು 17 ಸಂಚಿಕೆ. ಮೊದಲನೆಯದರ ಮೇಲೆ ಅಕ್ಟೋಬರ್ 1975 ಎಂದಿದೆ, ಕೊನೆಯದರ ಮೇಲೆ ಜನವರಿ 1978. ಹೆಚ್ಚಾಗಿ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು, ಆರಂಭದಲ್ಲಿ ಬೆಲೆ 25 ಸೆಂಟ್. ಪ್ರಕಾಶಕರು ಅಮೆರಿಕದ ಮಾರ್ವೆಲ್. ಸ್ಪೈಡರ್ ಮ್ಯಾನ್ ಎಂದರೆ ಇಲ್ಲಿ ಕುಳಿತ ಮಕ್ಕಳೂ ತಲೆಯಾಡಿಸುತ್ತಾರೆ, ಚಾಂಪಿಯನ್ಸ್ ಎಂದರೆ ಕ್ರಿಕೆಟ್ಟೇ ಎನ್ನುತ್ತಾರೆ. ಆದರೂ ಅರ್ಧ ಶತಮಾನದ ನಂತರವೂ ಈ 17 ಸಂಚಿಕೆಗಳನ್ನು ಎದೆಗವಚಿಕೊಂಡ ಜನ ಇದ್ದಾರೆ. ಯಾಕೆ ಎಂಬುದು ನನ್ನ ಪ್ರಶ್ನೆ. ಕಥೆ ಅಮೋಘವಾಗಿತ್ತು ಎಂಬ ಉತ್ತರವನ್ನು ಮೊದಲೇ ತಳ್ಳಿಹಾಕುತ್ತೇನೆ. ಅಮೋಘವಾಗಿರಲಿಲ್ಲ.

ಅದು ಹುಟ್ಟಿದ ರೀತಿಯನ್ನು ಹೇಳುತ್ತೇನೆ, ನಿಮಗೆ ನಗು ಬರುತ್ತದೆ. ಟೋನಿ ಇಸಬೆಲ್ಲಾ ಎಂಬ ಬರಹಗಾರ. ಅವರ ಮನಸ್ಸಿನಲ್ಲಿದ್ದದ್ದು ಬರೀ ಇಬ್ಬರು ಗೆಳೆಯರು ಊರೂರು ಸುತ್ತುವ ಕಥೆ. ಒಬ್ಬ ಏಂಜಲ್, ಬೆನ್ನಿಗೆ ರೆಕ್ಕೆ ಇರುವ ಶ್ರೀಮಂತ. ಇನ್ನೊಬ್ಬ ಐಸ್‌ಮ್ಯಾನ್, ಮಂಜುಗಡ್ಡೆಯ ಹುಡುಗ. ಇಬ್ಬರೂ ಮಾರ್ವೆಲ್‌ನದೇ ಇನ್ನೊಂದು ವೀರರ ತಂಡವಾದ ಎಕ್ಸ್-ಮೆನ್‌ನ 1963ರ ಮೂಲ ಸದಸ್ಯರು. 1975ರಲ್ಲಿ ಎಕ್ಸ್-ಮೆನ್ ತಂಡಕ್ಕೆ ಹೊಸ ಮುಖಗಳು ಬಂದವು, ಹಳಬರು ಮನೆ ಬಿಟ್ಟರು. ಹಾಗೆ ಈ ಇಬ್ಬರು ಕೆಲಸವಿಲ್ಲದೆ ಉಳಿದಿದ್ದರು. ಆಗ ಸಂಪಾದಕರಾಗಿದ್ದ ಲೆನ್ ವೀನ್ ಇದಕ್ಕೆ ಒಪ್ಪಲಿಲ್ಲ. ತಂಡ ಎಂದ ಮೇಲೆ ಐದು ಜನ ಬೇಕು. ಒಬ್ಬ ಹೆಂಗಸು ಇರಬೇಕು. ಒಬ್ಬ ಬಲಶಾಲಿ ಇರಬೇಕು. ತನ್ನದೇ ಹೆಸರಿನ ಕಾಮಿಕ್ಸ್ ಪತ್ರಿಕೆ ಇರುವ ಒಬ್ಬನಾದರೂ ಇರಬೇಕು. ಇದನ್ನು ಇಸಬೆಲ್ಲಾ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ. ಹೆಂಗಸಿನ ಜಾಗಕ್ಕೆ ಬ್ಲ್ಯಾಕ್ ವಿಡೋ ಬಂದಳು. ಬಲಶಾಲಿಯ ಜಾಗಕ್ಕೆ ಗ್ರೀಕ್ ಪುರಾಣದ ಹರ್ಕ್ಯುಲಿಸ್. ಸ್ವಂತ ಪತ್ರಿಕೆಯವನ ಜಾಗಕ್ಕೆ ಘೋಸ್ಟ್ ರೈಡರ್, ಸೈತಾನನೊಡನೆ ಒಪ್ಪಂದ ಮಾಡಿಕೊಂಡು ಬೆಂಕಿಬುರುಡೆಯಾದವನು.

ಒಬ್ಬ ರಷ್ಯನ್ ಗೂಢಚಾರಿಣಿ, ಒಬ್ಬ ದೇವತೆಯ ಮಗ, ಒಂದು ಪ್ರೇತ, ಇಬ್ಬರು ಕಾಲೇಜು ಹುಡುಗರು. ಇವರಿಗೆ ಪರಸ್ಪರ ಏನು ಸಂಬಂಧ? ಏನೂ ಇಲ್ಲ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಯನ್ನು ನೀವು ನೋಡಿದ್ದೀರಿ. ಬೀಗರು ಉಂಡಾಗಿದೆ, ನೆಂಟರು ಉಂಡಾಗಿದೆ. ಕೊನೆಗೆ ಬಡಿಸಿ ಬಡಿಸಿ ದಣಿದ ಇಬ್ಬರು, ಓಲಗದವರು, ತಡವಾಗಿ ಬಸ್ ಇಳಿದ ಯಾರೋ ಒಬ್ಬ ದೂರದ ಚಿಕ್ಕಪ್ಪ, ಕಾರಿನ ಚಾಲಕ. ಹೋಳಿಗೆ ಮುಗಿದಿರುತ್ತದೆ, ಸಾರು ತಳ ಕಂಡಿರುತ್ತದೆ. ಆದರೆ ಇಡೀ ಮದುವೆಯಲ್ಲಿ ನಗು ಕೇಳುವುದು ಆ ಪಂಕ್ತಿಯಿಂದಲೇ. ಚಾಂಪಿಯನ್ಸ್ ಅಂಥ ಪಂಕ್ತಿ. ಬೇರೆ ಎಲೆಯಲ್ಲಿ ಜಾಗ ಸಿಗದವರು ಸೇರಿ ಕುಳಿತದ್ದು.

ಮೊದಲ ಕಥೆ ನಡೆಯುವುದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ. ಹರ್ಕ್ಯುಲಿಸ್ ಅಲ್ಲಿಗೆ ಉಪನ್ಯಾಸ ಕೊಡಲು ಬಂದಿದ್ದಾನೆ. ಅವನ ಸ್ಥಿತಿ ಈಗ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬ್ಲ್ಯಾಕ್ ವಿಡೋ ರಷ್ಯನ್ ಭಾಷೆ ಕಲಿಸುವ ಕೆಲಸ ಕೇಳಿಕೊಂಡು ಬಂದಿದ್ದಾಳೆ. ಗಮನಿಸಿ, ಜಗತ್ತನ್ನು ನಡುಗಿಸಿದ ಗೂಢಚಾರಿಣಿ ಅರ್ಜಿ ಹಿಡಿದು ನಿಂತಿದ್ದಾಳೆ! ಮಾನಸಗಂಗೋತ್ರಿಯಲ್ಲಿ ಅತಿಥಿ ಉಪನ್ಯಾಸಕರ ಹುದ್ದೆಗೆ ಸಾಲಿನಲ್ಲಿ ನಿಂತ ಯಾರಾದರೂ ಇಲ್ಲಿದ್ದರೆ ಅವರಿಗೆ ಇವಳು ತಕ್ಷಣ ನೆಂಟಳಾಗುತ್ತಾಳೆ. ಅಷ್ಟರಲ್ಲಿ ಪಾತಾಳದ ದೊರೆ ಪ್ಲೂಟೊ ಬರುತ್ತಾನೆ. ಯಾತಕ್ಕೆ? ಹರ್ಕ್ಯುಲಿಸ್ ಅಮೆಜಾನರ ರಾಣಿಯನ್ನು ಮದುವೆಯಾಗಬೇಕು, ವೀನಸ್ ದೇವತೆ ಯುದ್ಧದೇವನನ್ನು ಮದುವೆಯಾಗಬೇಕು ಎಂದು ಹಟ ಹಿಡಿಯಲು. ಯಮನೇ ಮದುವೆ ದಲ್ಲಾಳಿಯಾಗಿ ಬಂದ ಕಥೆಯನ್ನು ನಮ್ಮ ಕಂಪನಿ ನಾಟಕದವರೂ ಆಡಿರಲಾರರು. ಹರ್ಕ್ಯುಲಿಸ್‌ನ ಮಾತಂತೂ ಥೇಟ್ ಕಂಪನಿ ನಾಟಕದ ಭೀಮನದು. ಎಲ್ಲರೂ ಬಳಕೆಯ ಇಂಗ್ಲಿಷ್ ಆಡುತ್ತಿದ್ದರೆ ಇವನೊಬ್ಬ ‘ಎಲವೋ’ ಎನ್ನುವ ಧಾಟಿಯ ಹಳೆಯ ಇಂಗ್ಲಿಷಿನಲ್ಲಿ ಗುಡುಗುತ್ತಾನೆ.

ಊರಿನ ವಿಷಯವನ್ನೂ ಹೇಳಬೇಕು. ಆ ಕಾಲಕ್ಕೆ ಮಾರ್ವೆಲ್‌ನ ಹೆಸರಾಂತ ತಂಡಗಳೆಲ್ಲ ನ್ಯೂಯಾರ್ಕಿನಲ್ಲೋ ಅದರ ಆಸುಪಾಸಿನಲ್ಲೋ ಇದ್ದವು. ಬರೆಯುವವರು, ಬಿಡಿಸುವವರು, ಅಚ್ಚು ಹಾಕಿಸುವವರು ಎಲ್ಲ ಅಲ್ಲಿದ್ದರು, ರಾಕ್ಷಸರೂ ಅಲ್ಲಿಗೇ ಬರುತ್ತಿದ್ದರು. ಚಾಂಪಿಯನ್ಸ್ ಮಾತ್ರ ದೇಶದ ಆ ತುದಿಯ ಲಾಸ್ ಏಂಜಲೀಸ್‌ನಲ್ಲಿ ಮನೆ ಮಾಡಿತು. ಲಾಸ್ ಏಂಜಲೀಸ್ ಅನ್ನು ಮೈಸೂರಿಗೆ ಹೋಲಿಸಿದರೆ ಎರಡೂ ಊರಿನವರು ನನ್ನನ್ನು ಬಿಡಲಾರರು. ಆದರೆ ‘ಎಲ್ಲ ಅಲ್ಲೇ ನಡೆಯುತ್ತದೆ’ ಎಂಬ ಊರಿನ ಪಕ್ಕದಲ್ಲಿ ಬದುಕುವವರಿಗೆ ತಮ್ಮೂರಿಗೆ ಬಂದು ಇಳಿದವರ ಮೇಲೆ ಒಂದು ಪಕ್ಷಪಾತ ಹುಟ್ಟುತ್ತದೆ. ಬೆಂಗಳೂರಿಗೆ ಮಾತ್ರ ಬಂದು ಹೋಗುವ ನಾಟಕ ತಂಡ ಒಮ್ಮೆ ಇಲ್ಲಿನ ಕಲಾಮಂದಿರಕ್ಕೆ ಬಂದರೆ ನಾವು ನಾಟಕ ಕೆಟ್ಟದಾಗಿದ್ದರೂ ಚಪ್ಪಾಳೆ ತಟ್ಟುವುದಿಲ್ಲವೆ?

ಈಗ ಕೆಟ್ಟದಾಗಿದ್ದದ್ದರ ಬಗ್ಗೆ. ಬರಹಗಾರರು ಬದಲಾದರು. ಇಸಬೆಲ್ಲಾ ಬಿಟ್ಟ ಮೇಲೆ ಬಿಲ್ ಮಾಂಟ್ಲೊ ಬಂದರು. ಚಿತ್ರಕಾರರು ಬರುವುದು ಹೋಗುವುದು ಇದ್ದೇ ಇತ್ತು: ಡಾನ್ ಹೆಕ್, ಜಾರ್ಜ್ ಟುಸ್ಕಾ, ಬಾಬ್ ಹಾಲ್, ಜಾನ್ ಬರ್ನ್. ಈ ಡಾನ್ ಹೆಕ್ 1964ರಲ್ಲಿ ಬ್ಲ್ಯಾಕ್ ವಿಡೋಳನ್ನು ಮೊಟ್ಟಮೊದಲು ಬಿಡಿಸಿದವರು. ಹನ್ನೊಂದು ವರ್ಷದ ನಂತರ ಅದೇ ಕೈ ಅವಳನ್ನು ತಂಡದ ನಾಯಕಿಯಾಗಿ ಬಿಡಿಸಿತು. ಹೌದು, ನಾಯಕಿ. ಐವರಲ್ಲಿ ಒಬ್ಬ ದೇವಪುತ್ರ, ಒಬ್ಬ ಕೋಟ್ಯಧೀಶ, ಆದರೆ ಹೇಳಿದ ಮಾತು ನಡೆಯುತ್ತಿದ್ದದ್ದು ಯಾವ ಅತಿಮಾನುಷ ಬಲವೂ ಇಲ್ಲದ ಇವಳದು. ಮಾರ್ವೆಲ್‌ನ ದೊಡ್ಡ ತಂಡಗಳಲ್ಲಿ ಸ್ಟಾರ್ಮ್ ಎಂಬವಳು ಎಕ್ಸ್-ಮೆನ್ ನಾಯಕಿಯಾದದ್ದು 1980ರಲ್ಲಿ, ವಾಸ್ಪ್ ಎಂಬವಳು ಅವೆಂಜರ್ಸ್ ತಂಡದ ನಾಯಕಿಯಾದದ್ದು 1982ರಲ್ಲಿ. ಯಾರೂ ನೋಡದ ಪತ್ರಿಕೆಯಲ್ಲಿ ಇಂಥದ್ದೆಲ್ಲ ಸದ್ದಿಲ್ಲದೆ ಆಗಿಹೋಗುತ್ತದೆ.

ಕಥೆಯೊಳಗೂ ತಂಡದ ಸ್ಥಿತಿ ನೆಟ್ಟಗಿರಲಿಲ್ಲ. ಏಂಜಲ್‌ನ ಹಣದಲ್ಲಿ ಕಚೇರಿ ಬಂತು, ಚಾಂಪ್ಸ್‌ಕ್ರಾಫ್ಟ್ ಎಂಬ ವಿಮಾನ ಬಂತು. ಉಪಕರಣಗಳು ಕೈಕೊಡುತ್ತಲೇ ಇದ್ದವು. ಸಾಮಾನ್ಯ ಜನರಿಗಾಗಿ ಹೋರಾಡುವ ತಂಡ ಎಂದುಕೊಂಡು ಹೊರಟವರು ಸಾಮಾನ್ಯ ಜನರಂತೆಯೇ ರಿಪೇರಿಗೆ ಅಲೆಯುವ ಹಾಗಾಯಿತು. ಹೊಸ ಮನೆಯ ಗೃಹಪ್ರವೇಶದ ಮರುದಿನವೇ ಕೊಳಾಯಿ ಸೋರಿದವರು ಇಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳುವುದಿಲ್ಲ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ದಸರಾ ಆನೆಗಳ ವಿಷಯ. ಅಂಬಾರಿ ಹೊತ್ತವರ ಹೆಸರು ರಾಜ್ಯಕ್ಕೆಲ್ಲ ಗೊತ್ತು: ದ್ರೋಣ, ಬಲರಾಮ, ಅರ್ಜುನ, ಈಗ ಅಭಿಮನ್ಯು. ಆದರೆ ಮೈಸೂರಿನವರು ತಾಲೀಮು ನೋಡಲು ಬೆಳಗ್ಗೆ ಎದ್ದು ಹೋಗಿ ನಿಂತಾಗ ಕೇಳುವ ಪ್ರಶ್ನೆ ಬೇರೆ. ‘ಹೋದ ವರ್ಷ ಹಿಂದಿನ ಸಾಲಿನಲ್ಲಿ ಒಂದು ಬಂದಿತ್ತಲ್ಲ, ಪಟಾಕಿ ಸದ್ದಿಗೆ ಬೆಚ್ಚುತ್ತಿತ್ತಲ್ಲ, ಈ ಸಲ ಯಾಕೆ ಕರೆತಂದಿಲ್ಲ?’ ಒಂದೇ ವರ್ಷ ಬಂದು, ಹೆದರಿ, ಕಾಡಿನ ಶಿಬಿರಕ್ಕೆ ವಾಪಸಾದ ಆನೆಯನ್ನು ಎಂಟು ವರ್ಷ ಆದ ಮೇಲೂ ಕೇಳುವವರನ್ನು ನಾನು ಬಲ್ಲೆ. ಅಂಬಾರಿ ಹೊತ್ತವನನ್ನು ನೋಡಿಕೊಳ್ಳಲು ಸರ್ಕಾರ ಇದೆ, ಪತ್ರಿಕೆಗಳಿವೆ. ಇದನ್ನು ನೆನಪಿಟ್ಟುಕೊಳ್ಳಲು ತಾನೊಬ್ಬನೇ ಇರುವುದು ಎಂದು ಹಾಗೆ ಕೇಳುವವನಿಗೆ ಅನ್ನಿಸಿದೆ. ಎಕ್ಸ್-ಮೆನ್ ಅಭಿಮಾನಿಗೆ ಈ ಭಾರ ಇಲ್ಲ. ಚಾಂಪಿಯನ್ಸ್ ಅಭಿಮಾನಿಗೆ ಇದೆ, ಮತ್ತು ಅವನಿಗೆ ಅದು ಇಷ್ಟ.

ಮತ್ತೆ ಜೇನಿನ ಮನುಷ್ಯನಿಗೆ ಬರುತ್ತೇನೆ. ನನ್ನ ಕೈಗೆ ಸಿಕ್ಕದ್ದು 14ನೆಯ ಸಂಚಿಕೆ, 1977ರದು, ಮಾಂಟ್ಲೊ ಬರೆದು ಬರ್ನ್ ಬಿಡಿಸಿದ್ದು. ಖಳನ ಹೆಸರು ಸ್ವಾರ್ಮ್. ಯುದ್ಧ ಮುಗಿದ ಮೇಲೆ ದಕ್ಷಿಣ ಅಮೆರಿಕದಲ್ಲಿ ತಲೆಮರೆಸಿಕೊಂಡ ನಾಜಿ ವಿಜ್ಞಾನಿ, ಜೇನುನೊಣಗಳ ಮೇಲೆ ಪ್ರಯೋಗ ಮಾಡಲು ಹೋಗುತ್ತಾನೆ. ನೊಣಗಳು ಅವನನ್ನೇ ತಿಂದುಹಾಕುತ್ತವೆ, ಅಸ್ಥಿಪಂಜರ ಉಳಿಯುತ್ತದೆ. ಆದರೆ ಅವನ ಬುದ್ಧಿ ಸಾಯದೆ ಆ ನೊಣಗಳೊಳಗೆ ಸೇರಿಕೊಳ್ಳುತ್ತದೆ. ಆಗ ಅಮೆರಿಕದ ಪತ್ರಿಕೆಗಳಲ್ಲಿ ಆಫ್ರಿಕಾ ತಳಿಯ ಕೊಲೆಗಡುಕ ಜೇನು ಉತ್ತರಕ್ಕೆ ಬರುತ್ತಿದೆ ಎಂಬ ಭಯದ ಸುದ್ದಿ ಓಡಾಡುತ್ತಿತ್ತು, ಅದನ್ನೇ ಮಾಂಟ್ಲೊ ಹಿಡಿದರು.

ಮುಂದಿನ ಬೇಸಿಗೆಯಲ್ಲಿ ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಪಾಂಡವಪುರದ ಕಡೆಯ ಅಜ್ಜಿಯ ಊರಿಗೆ ಹೋದೆ. ಮಂಡ್ಯ ಜಿಲ್ಲೆಯ ಮಕ್ಕಳಿಗೆ ಜೇನಿನ ರಾಕ್ಷಸನನ್ನು ಪರಿಚಯ ಮಾಡಿಕೊಡಬೇಕೆ? ನಾಲೆಯ ಸೇತುವೆಯ ಕೆಳಗೆ, ಆಲದ ಮರದಲ್ಲಿ ಹೆಜ್ಜೇನು ಕಟ್ಟಿದ್ದನ್ನು ಕಂಡವರು ಅವರು. ಹೆಜ್ಜೇನು ಎದ್ದರೆ ಕಬ್ಬಿನ ಗದ್ದೆಯೊಳಗೆ ಮುಖ ಮುಚ್ಚಿಕೊಂಡು ಬೀಳಬೇಕು ಎಂದು ತಿಳಿದವರು. ನಾನು ಮುರುಕು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಸ್ವಾರ್ಮ್ ಹೆಜ್ಜೇನಯ್ಯ ಆದ. ಹಾಳೆ ಮುಗಿದಲ್ಲಿ ನಾನೂ ನಿಲ್ಲಿಸಿದೆ. ಮುಂದೆ? ಮುಂದೆ ಹರಿದುಹೋಗಿದೆ.

ದೊಡ್ಡಮ್ಮನ ಮಗ, ನನಗಿಂತ ಒಂದು ವರ್ಷಕ್ಕೆ ದೊಡ್ಡವನು, ಚಿತ್ರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: ‘ಜೇನು ಬಿಡಿಸಲು ಏನು ಬೇಕು? ಹೊಗೆ. ಒಣ ಹುಲ್ಲಿಗೆ ಬೆಂಕಿ ಇಟ್ಟರೆ ಉರಿ ಬರುತ್ತದೆ, ಹೊಗೆ ಬರುವುದಿಲ್ಲ. ಹಸಿ ಹುಲ್ಲು ಬೇಕು. ಈ ಬೆಂಕಿ ತಲೆಯವನಿದ್ದಾನೆ. ಈ ಮಂಜಿನವನಿದ್ದಾನೆ. ಮಂಜಿನವನು ಹುಲ್ಲು ಒದ್ದೆ ಮಾಡಲಿ, ಬೆಂಕಿಯವನು ಹಚ್ಚಲಿ. ರೆಕ್ಕೆಯವನು ಮೇಲಿಂದ ಬೀಸಲಿ.’ ಹರ್ಕ್ಯುಲಿಸ್ ಏನು ಮಾಡಬೇಕು ಎಂದೆ. ‘ಅವನು ಹುಲ್ಲಿನ ಮೆದೆ ಹೊತ್ತು ತರಲಿ.’ ಬ್ಲ್ಯಾಕ್ ವಿಡೋ? ‘ಹೇಳಿ ಮಾಡಿಸುವವರು ಒಬ್ಬರು ಬೇಡವೆ?’

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಸಂಪಾದಕರ ನಿಯಮಕ್ಕೆ ಸಿಕ್ಕಿ ಒಟ್ಟಾದ ಐವರು ನಿಜವಾಗಿ ಒಂದು ತಂಡವಾದದ್ದು ನನ್ನ ಮಟ್ಟಿಗೆ ಆ ಜಗಲಿಯ ಮೇಲೆ. ಹಾಳೆ ಹರಿದಿರದಿದ್ದರೆ ಆಗುತ್ತಿರಲಿಲ್ಲ. ಇಡಿಯಾಗಿ ಸಿಕ್ಕ ಕಥೆಯನ್ನು ನಾವು ಓದಿ, ಮೆಚ್ಚಿ, ಎತ್ತಿಡುತ್ತೇವೆ. ಅರ್ಧ ಸಿಕ್ಕದ್ದಕ್ಕೆ ನಮ್ಮ ಕೈಯಿಂದ ಏನಾದರೂ ಹಾಕಬೇಕಾಗುತ್ತದೆ. ಕೈಯಿಂದ ಹಾಕಿದ್ದರ ಮೇಲಿನ ಪ್ರೀತಿಯೇ ಬೇರೆ, ಸಾಲ ಕೊಟ್ಟವನಿಗೆ ಸಾಲಗಾರನ ಆರೋಗ್ಯದ ಮೇಲಿರುವ ಕಾಳಜಿಯ ಹಾಗೆ.

ಮಾರ್ವೆಲ್‌ನವರಿಗೂ ಇದು ಗೊತ್ತಿತ್ತು. 1960ರ ದಶಕದಲ್ಲಿ ಅವರು ಒಂದು ಬಹುಮಾನ ಶುರು ಮಾಡಿದರು, ಹೆಸರೇ ‘ನೋ ಪ್ರೈಜ್’. ಕಾಲ ಕಳೆದಂತೆ ಅದು ಎಂಥವರಿಗೆ ಸಲ್ಲತೊಡಗಿತು ಎಂದರೆ, ಕಥೆಯಲ್ಲಿ ತಪ್ಪು ಹುಡುಕಿ, ಅದು ಯಾಕೆ ತಪ್ಪಲ್ಲ ಎಂದು ಸಮರ್ಥಿಸಿ ಪತ್ರ ಬರೆಯುವ ಓದುಗರಿಗೆ. ಬಹುಮಾನವಾಗಿ ಅಂಚೆಯಲ್ಲಿ ಒಂದು ಲಕೋಟೆ ಬರುತ್ತಿತ್ತು. ಲಕೋಟೆಯ ಮೇಲೆ ಅಭಿನಂದನೆ, ಒಳಗೆ ಖಾಲಿ. ಆ ಖಾಲಿ ಲಕೋಟೆಯನ್ನು ಜನ ಜೋಪಾನವಾಗಿಟ್ಟುಕೊಂಡರು. ಹಳೆಯ ತಂಡದ ಅಭಿಮಾನಿಗಳು ಈಗಲೂ ಅದೇ ಕೆಲಸ ಮಾಡುತ್ತಾರೆ. ಸೈತಾನನ ಶಾಪ ಹೊತ್ತವನು ಕಚೇರಿ ಇರುವ ತಂಡದಲ್ಲಿ ಯಾಕಿದ್ದ ಎಂದು ಕೇಳಿ ನೋಡಿ, ಬರೆದವರೂ ಊಹಿಸದ ಕಾರಣ ಕೊಡುತ್ತಾರೆ. ನಮ್ಮಲ್ಲಿ ಗಮಕ ವಾಚನದಲ್ಲಿ ವ್ಯಾಖ್ಯಾನಕಾರರು ಮಾಡುವುದೇನು? ಭೀಷ್ಮ ಸಭೆಯಲ್ಲಿ ಯಾಕೆ ಸುಮ್ಮನಿದ್ದ ಎಂಬ ಒಂದು ಪ್ರಶ್ನೆ ಹಿಡಿದು ರಾತ್ರಿ ಹನ್ನೊಂದರವರೆಗೆ ಎಳೆದವರನ್ನು ನಾನು ಕೇಳಿದ್ದೇನೆ. ಅಷ್ಟೇ ಏಕೆ, ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ತಿಮ್ಮಣ್ಣ ಕವಿ ಬಂದು ಪೂರೈಸಬೇಕಾಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದೇನೆ ಎಂದು ಹಿಂದಿನ ಸಾಲಿನ ಪಂಡಿತರು ಹುಬ್ಬು ಗಂಟಿಕ್ಕಿದ್ದು ಕಾಣುತ್ತಿದೆ. ತೂಕ ಒಂದೇ ಎನ್ನುತ್ತಿಲ್ಲ ಸ್ವಾಮಿ. ಬಿಟ್ಟ ಜಾಗ ಕಂಡರೆ ಕೈ ತುರಿಸುವುದು ಒಂದೇ.

ಬಿಲ್ ಮಾಂಟ್ಲೊ ಕೂಡ ಅಂಥವರೇ. ಪತ್ರಿಕೆ ನಿಂತಾಗ ತಂಡ ಏನಾಯಿತು ಎಂದು ಸರಿಯಾಗಿ ಹೇಳಿರಲಿಲ್ಲ. ಅವರು ಆಗ ಸ್ಪೈಡರ್ ಮ್ಯಾನ್‌ನ ಇನ್ನೊಂದು ಪತ್ರಿಕೆಯನ್ನೂ ಬರೆಯುತ್ತಿದ್ದರು. 1978ರಲ್ಲಿ ಅದರ 17 ಮತ್ತು 18ನೆಯ ಸಂಚಿಕೆಗಳಿಗೆ ಏಂಜಲ್ ಮತ್ತು ಐಸ್‌ಮ್ಯಾನ್‌ರನ್ನು ಕರೆತಂದು ಚಾಂಪಿಯನ್ಸ್ ಒಡೆದುಹೋದ ಕಥೆ ಹೇಳಿ ಮುಗಿಸಿದರು. ಬೇರೆಯವರ ಮನೆಯ ಅಂಗಳದಲ್ಲಿ ತನ್ನ ಮನೆಯವರ ತಿಥಿ ಮಾಡಿದ ಹಾಗೆ. ಜಾನ್ ಬರ್ನ್ ಆ ಹೊತ್ತಿಗೆ ಎಕ್ಸ್-ಮೆನ್ ಬಿಡಿಸಲು ಹೋಗಿದ್ದರು, ಅಲ್ಲಿ ದೊಡ್ಡ ಹೆಸರಾಯಿತು.

ಮಾಂಟ್ಲೊ ಹೆಸರು ಅಷ್ಟು ದೊಡ್ಡದಾಗಲಿಲ್ಲ. ವಾರದ ಕೊನೆಗೆ ಕಥೆ ಬೇಕು ಎಂದರೆ ಬರೆದುಕೊಡುವವರು ಎಂದೇ ಪ್ರಸಿದ್ಧಿ. ಮುಂದೆ ಕಾನೂನು ಓದಿ ನ್ಯೂಯಾರ್ಕಿನಲ್ಲಿ ಬಡವರ ಪರ ವಾದಿಸುವ ವಕೀಲರಾದರು. 1992ರಲ್ಲಿ ಚಕ್ರದ ಬೂಟು ಹಾಕಿಕೊಂಡು ಹೋಗುತ್ತಿದ್ದಾಗ ಕಾರೊಂದು ಗುದ್ದಿತು. ಗುದ್ದಿದವನು ನಿಲ್ಲಿಸಲಿಲ್ಲ. ಮೆದುಳಿಗೆ ತೀವ್ರ ಪೆಟ್ಟಾಯಿತು, ಅಂದಿನಿಂದ ಅವರು ಇತರರ ಆರೈಕೆಯಲ್ಲೇ ಬದುಕಬೇಕಾಯಿತು. ಅವರು 1976ರಲ್ಲಿ ಕೀತ್ ಗಿಫೆನ್ ಜೊತೆ ಸೃಷ್ಟಿಸಿದ ಒಂದು ಸಣ್ಣ ಪ್ರಾಣಿ, ರಾಕೆಟ್ ರಕೂನ್, 2014ರಲ್ಲಿ ಸಿನಿಮಾಕ್ಕೆ ಬಂದು ಜಗತ್ತಿನ ಮಕ್ಕಳ ಗೊಂಬೆಯಾಯಿತು. ಆದರೆ ಸಿನಿಮಾ ಬರುವುದಕ್ಕೆ ಬಹಳ ಮೊದಲೇ ಅವರ ಆರೈಕೆಗೆ ಹಣ ಕೂಡಿಸಿದವರು ಅಭಿಮಾನಿಗಳು, ಯಾರಿಗೂ ಬೇಡವಾದ ಪತ್ರಿಕೆಗಳನ್ನು ಓದಿಕೊಂಡು ಬೆಳೆದವರು. ಇದನ್ನು ಹೇಳುವಾಗ ನನಗೆ ತಮಾಷೆ ಮಾಡಲು ಬರುವುದಿಲ್ಲ.

ಹೆಸರಿನ ಕಥೆ ಚಿಕ್ಕದು. ಮಾರ್ವೆಲ್ ‘ಚಾಂಪಿಯನ್ಸ್’ ಎಂಬ ಹೆಸರನ್ನು ಬಳಸದೆ ಬಿಟ್ಟಿತು. 1981ರಲ್ಲಿ ಅದೇ ಹೆಸರಿನ ಒಂದು ಆಟ ಬಂತು, ಆಮೇಲೆ ಬೇರೆಯವರ ಕಾಮಿಕ್ಸೂ ಬಂತು. 2007ರಲ್ಲಿ ಮಾರ್ವೆಲ್ ಹೊಸ ತಂಡಕ್ಕೆ ಆ ಹೆಸರಿಡಲು ಹೋಗಿ, ಕೊನೆಗೆ ‘ದಿ ಆರ್ಡರ್’ ಎಂದು ಬದಲಿಸಬೇಕಾಯಿತು. ತಾನೇ ಬಿತ್ತಿ ಬಿಟ್ಟ ಹೊಲಕ್ಕೆ ಹಿಂದಿರುಗಿದರೆ ಬೇಲಿ ಹಾಕಿದವರು ಬೇರೆ! 2016ರಲ್ಲಿ ಹೆಸರು ವಾಪಸು ಬಂತು. ಈ ಸಲ ಹದಿಹರೆಯದವರ ತಂಡ, ಪಾಕಿಸ್ತಾನಿ ಮೂಲದ ಕಮಲಾ ಖಾನ್ ಅದರಲ್ಲಿ ಮುಖ್ಯಳು. ಚೆನ್ನಾಗಿದೆ, ಓದಿದ್ದೇನೆ. ಆದರೆ ಅದು ಹೆಸರು ಮಾತ್ರ. ಹಳೆಯ ಐವರ ಮನೆ ಅಲ್ಲ.

ಹಳೆಯ ಸಂಚಿಕೆಗಳನ್ನೆಲ್ಲ 2006 ಮತ್ತು 2007ರಲ್ಲಿ ಎರಡು ಸಂಪುಟಗಳಾಗಿ ತಂದರು. ಅಮೆರಿಕದಿಂದ ಬರುತ್ತಿದ್ದ ಗೆಳೆಯನಿಗೆ ಹೇಳಿ ತರಿಸಿಕೊಂಡೆ. ಎಲ್ಲರೂ ಚಾಕೊಲೇಟ್ ತರಿಸಿಕೊಂಡರು. ಎರಡನೆಯ ಸಂಪುಟ ಬಂದ ರಾತ್ರಿ ಸೀದಾ 14ನೆಯ ಸಂಚಿಕೆ ತೆಗೆದೆ. ಆಗ ಗೊತ್ತಾದದ್ದು, ಹಾಳೆಗಳು ಹರಿಯದಿದ್ದರೂ ನಮಗೆ ಕೊನೆ ಸಿಗುತ್ತಿರಲಿಲ್ಲ. ಕಥೆ 15ನೆಯ ಸಂಚಿಕೆಗೆ ಮುಂದುವರಿಯುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಅಂಗಡಿಯವನನ್ನು ಬೈದುಕೊಂಡದ್ದು ವ್ಯರ್ಥ.

15ನೆಯದನ್ನೂ ಓದಿ ಮುಗಿಸಿದೆ. ರಾತ್ರಿ ಹತ್ತೂವರೆ ಆಗಿತ್ತು. ಆದರೂ ತಡೆಯಲಾಗಲಿಲ್ಲ, ದೊಡ್ಡಮ್ಮನ ಮಗನಿಗೆ ಫೋನ್ ಮಾಡಿದೆ. ಅವನೀಗ ಊರಿನಲ್ಲೇ ಕಬ್ಬು ಬೆಳೆಯುತ್ತಾನೆ, ಕಾಮಿಕ್ಸ್ ಮುಟ್ಟಿ ಎಷ್ಟೋ ವರ್ಷವಾಗಿದೆ. ಹೆಜ್ಜೇನಯ್ಯ ಎಂದ ಕೂಡಲೇ ನೆನಪಾಯಿತು. ಪುಸ್ತಕದಲ್ಲಿ ಅವನನ್ನು ಹೇಗೆ ಸೋಲಿಸಿದರು ಎಂದು ಪೂರ್ತಿ ಹೇಳಿದೆ. ಕೇಳಿಸಿಕೊಂಡ.

‘ಹೊಗೆ ಹಾಕಲಿಲ್ಲವೆ?’ ಎಂದ.

ಇಲ್ಲ ಎಂದೆ.

‘ಹಾಗಾದರೆ ತಪ್ಪು ಬರೆದಿದ್ದಾರೆ’ ಎಂದು ಹೇಳಿ, ಬೆಳಗ್ಗೆ ನೀರು ಬಿಡುವ ಸರದಿ ಇದೆ ಎಂದು ಫೋನ್ ಇಟ್ಟ.